ಹಸಿವಿಲ್ಲದವರ ಊಟ

ನಮ್ಮ ಭಾಷೆ ಹೊಟ್ಟೆಯ ವಿಷಯದಲ್ಲಿ ಅಷ್ಟೇನೂ ಉದಾರವಾಗಿ ನಡೆದುಕೊಂಡಿಲ್ಲ. ಮತ್ಸರಕ್ಕೆ ಹೊಟ್ಟೆಕಿಚ್ಚೆಂದು ಹೆಸರಿಟ್ಟೆವು. ತಿನ್ನುವ ಆಸೆಯುಳ್ಳವನನ್ನು ಹೊಟ್ಟೆಬಾಕನೆಂದು ಹಳಿದೆವು. ಮನಸ್ಸೊಪ್ಪದ ಕೆಲಸಕ್ಕೆಲ್ಲ ಹೊಟ್ಟೆಪಾಡಿನ ನೆವ ಹೇಳಿದೆವು. ಮಾಡಿದ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಿರೆಂದು ಬೇಡಿಕೊಳ್ಳುವಾಗ ಮಾತ್ರ ಅದಕ್ಕೆ ಕೊಂಚ ಗೌರವ. ಸಾಹಿತ್ಯವೂ ಇದಕ್ಕೆ ಹೊರತಲ್ಲ. ಅಕ್ಕಮಹಾದೇವಿ ಹಸಿವನ್ನು ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿಸಿದಳು. ಜೈನ ಮುನಿಗಳು ಸಲ್ಲೇಖನದಲ್ಲಿ ಅನ್ನಪಾನಗಳನ್ನು ಕ್ರಮಕ್ರಮವಾಗಿ ಬಿಟ್ಟರು. ಇವನ್ನೆಲ್ಲ ತರಗತಿಯಲ್ಲಿ ಪಾಠ ಹೇಳುತ್ತ ಬಂದಿರುವ ನನಗೆ ಈಚೆಗೆ ಒಂದು ಪ್ರಶ್ನೆ ಕಾಡುತ್ತಿದೆ. ಹಸಿವು ಶತ್ರುವೆಂಬುದೇ ನಿಜವಾದರೆ, ಆ ಶತ್ರು ಒಂದು ದಿನ ಸತ್ತೇ ಹೋದಾಗ ನಮ್ಮ ಗತಿಯೇನು?

ಇದು ಬರಿಯ ತರ್ಕದ ಮಾತಲ್ಲ. ಅತಿಯಾದ ಸ್ಥೂಲಕಾಯದಿಂದ ನರಳುವವರಿಗೆ ಇಂದು ಜಠರದ ಶಸ್ತ್ರಚಿಕಿತ್ಸೆ ಮಾಡುತ್ತಾರೆ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ ಜಠರವನ್ನು ಕಿರಿದುಮಾಡಿ ಆಹಾರವನ್ನು ಬಳಸುದಾರಿಯಲ್ಲಿ ಕರುಳಿಗೆ ಸಾಗಿಸುವ ಕ್ರಮವನ್ನು ಆರಂಭಿಸಿದರು. ಈಗ ಹೆಚ್ಚು ರೂಢಿಯಲ್ಲಿರುವುದು ಇನ್ನೊಂದು ಬಗೆ: ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯಂಥ ಕೊಳವೆಯಾಗಿಸುವುದು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಘ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ‘ಹಸಿವಾಗಿದೆ’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದೇ. ಅದು ಬಹುಮಟ್ಟಿಗೆ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಕತ್ತರಿಸಿ ತೆಗೆಯುವುದೂ ಆ ಭಾಗವನ್ನೇ. ಹೀಗೆ, ಯೋಗಿಗಳು ಜನ್ಮವೆಲ್ಲ ಸವೆಸಿ ಸಾಧಿಸಿದುದು ಒಂದೆರಡು ಗಂಟೆಗಳಲ್ಲಿ, ಅದೂ ಮೈಮರೆತು ಮಲಗಿರುವಾಗ, ದೊರೆತುಬಿಡುತ್ತದೆ!

ಶಹಾಪುರ ತಾಲೂಕಿನ ಶಿರವಾಳ ನನ್ನ ಹುಟ್ಟೂರು. ಅಲ್ಲಿ ನನ್ನ ಚಿಕ್ಕಪ್ಪನ ಮಗಳು ಶಾಲೆಯಲ್ಲಿ ಶಿಕ್ಷಕಿ, ತಾಯಿಯೊಡನೆ ವಾಸ. ಮೂವತ್ತೈದಕ್ಕೇ ಮಧುಮೇಹ, ಮೊಣಕಾಲು ನೋವು, ಏದುಸಿರು. ಅವಳು 2021ರಲ್ಲಿ ಹೈದರಾಬಾದಿಗೆ ಹೋಗಿ ಈ ಚಿಕಿತ್ಸೆ ಮಾಡಿಸಿಕೊಂಡಳು. ವರ್ಷದೊಳಗೆ ಮೈ ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ಮೆಟ್ಟಿಲು ಹತ್ತುವುದು ಸಲೀಸಾಯಿತು. ಇದನ್ನು ಶೋಕಿಯೆಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಎರಡನೆಯ ವರ್ಷದಲ್ಲಿ ಅವಳು ಗುಳಿಗೆಗಳನ್ನು ಬಿಟ್ಟಳು. ಮೈ ಹಗುರವಾಗಿದೆ, ಇನ್ನೇಕೆ ಔಷಧವೆಂದು. ಶ್ರಾವಣ ಬಂತು, ಸೋಮವಾರದ ಉಪವಾಸಗಳೂ ಸೇರಿಕೊಂಡವು. ಊರಿನವರ ಬಾಯಿಯೂ ತಿರುಗಿತು. ಹಿಂದೆ ‘ಎಷ್ಟು ತಿಂತಾಳವ್ವಾ ಇಕಿ’ ಎಂದು ಪಿಸುಗುಡುತ್ತಿದ್ದವರೇ ಈಗ ‘ಒಂದು ತುತ್ತು ಉಂಡು ಇರ್ತಾಳ, ಶರಣಿ ಆಗ್ಯಾಳ’ ಎಂದು ಹೊಗಳತೊಡಗಿದರು. ಆ ಬೈಗಳು ಅವಳಿಗೆ ಮಾಡಿದ ಕೇಡಿಗಿಂತ ಈ ಹೊಗಳಿಕೆ ಮಾಡಿದ ಕೇಡು ಹೆಚ್ಚೆಂದೇ ನನ್ನ ಎಣಿಕೆ. ಬೈಗಳಿಗೆ ಅವಳು ಅಳುತ್ತಿದ್ದಳು, ಹೊಗಳಿಕೆಯನ್ನು ನಂಬಿದಳು.

ಕೂದಲು ಉದುರಿತು. ಪಾಠ ಹೇಳುತ್ತ ನಿಂತರೆ ಕಣ್ಣು ಕತ್ತಲೆ. ಆಮೇಲೆ ಅಂಗಾಲು ಜುಮುಗುಟ್ಟುವುದು, ಚಪ್ಪಲಿ ಕಳಚಿಬಿದ್ದರೂ ತಿಳಿಯದಿರುವುದು. ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣವೂ ಕಡಿಮೆ, ಬಿ-12 ಜೀವಸತ್ವವೂ ತೀರ ಕಡಿಮೆ. ಚುಚ್ಚುಮದ್ದು ಕೊಟ್ಟರು. ಆಯಾಸ ಹೋಯಿತು, ಕೂದಲು ಬಂತು. ಎಡಗಾಲಿನ ಬೆರಳುಗಳ ಜೋಮು ಮಾತ್ರ ಇಂದಿಗೂ ಪೂರ್ತಿ ಹೋಗಿಲ್ಲ. ನರಕ್ಕಾದ ಹಾನಿ ಬಹಳ ದಿನ ಉಳಿದರೆ ಹಿಂದಿರುಗುವುದು ಕಷ್ಟವಂತೆ.

ಹೀಗೇಕಾಗುತ್ತದೆ ಎಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಆಹಾರದ ಬಿ-12 ನಮ್ಮ ರಕ್ತಕ್ಕೆ ಸೇರಬೇಕಾದರೆ ಜಠರದ ಆಮ್ಲವೂ ಬೇಕು, ಜಠರದ ಗೋಡೆಯಿಂದ ಒಸರುವ ಒಂದು ಸಸಾರಜನಕವೂ ಬೇಕು. ಜಠರವೇ ಕಾಲು ಪಾಲಾದಾಗ ಇವೆರಡೂ ಕುಗ್ಗುತ್ತವೆ. ಸೊಪ್ಪು ಕಾಳುಗಳಲ್ಲಿ ಈ ಜೀವಸತ್ವವಿಲ್ಲ. ಶಾಕಾಹಾರಿಗಳಿಗೆ ಹಾಲು ಮೊಸರೇ ಗತಿ. ಆದರೆ ಯಕೃತ್ತಿನಲ್ಲಿ ಇದರ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ ಕೊರತೆ ತಡವಾಗಿ ಮುಖ ತೋರಿಸುತ್ತದೆ. ‘ಗುಳಿಗೆ ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಭ್ರಮೆ ಹುಟ್ಟುವುದು ಇದರಿಂದಲೇ. ಬಿ-1ರ ಸಂಗತಿ ಇದಕ್ಕೆ ತೀರ ವಿರುದ್ಧ. ಅದರ ದಾಸ್ತಾನು ಎರಡು ಮೂರು ವಾರಗಳದು. ಶಸ್ತ್ರಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಪದೇಪದೇ ವಾಂತಿಯಾದರೆ ಮಿದುಳಿಗೇ ಅಪಾಯ, ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಬಳಸುದಾರಿಯ ಚಿಕಿತ್ಸೆಯಲ್ಲಂತೂ ಕಬ್ಬಿಣ, ಸುಣ್ಣಗಳನ್ನು ಹೀರುವ ಕರುಳಿನ ಮೊದಲ ಭಾಗವನ್ನೇ ಆಹಾರ ಮುಟ್ಟುವುದಿಲ್ಲ. ಆದ್ದರಿಂದ ಗುಳಿಗೆಗಳೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯೂ ಜೀವಮಾನವಿಡೀ ತಪ್ಪತಕ್ಕವಲ್ಲ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಸಸಾರಜನಕ ಬೇಕು. ಒಂದು ಬಟ್ಟಲು ತೊಗರಿಬೇಳೆಯಿಂದ ಬರುವುದು ಆರೇಳು ಗ್ರಾಂ. ರೊಟ್ಟಿ ಮೊದಲು ಉಂಡರೆ ಬೇಳೆಗೆ ಜಾಗವೇ ಉಳಿಯದು.

“ನನಗ ಹಸುವಾಗೂದೇ ಇಲ್ಲ ಅಣ್ಣಾ. ಗಡಿಯಾರ ನೋಡಿ ಉಣ್ಣೂದಂದ್ರ ಬ್ಯಾಸರ ಬರ್ತದ” ಎಂದಳು ಅವಳೊಮ್ಮೆ.

ನಾನು ಬಹಳ ಹೊತ್ತು ಯೋಚಿಸಿದ್ದು ಈ ಮಾತನ್ನೇ. ಹಸಿವು ನಮ್ಮನ್ನು ಕಾಡುತ್ತದೆಂದು ದೂರುತ್ತೇವೆ. ಆದರೆ ನಾವು ಕೇಳದೆಯೇ ಹೊತ್ತುಹೊತ್ತಿಗೆ ಎಬ್ಬಿಸಿ ಉಣ್ಣಿಸುವ ತಾಯಿಯೂ ಅದೇ. ಅದು ಇಲ್ಲವಾದ ಮೇಲೆ ಅದರ ಕೆಲಸ ನಮ್ಮ ಸಂಕಲ್ಪದ ಪಾಲಿಗೆ ಬರುತ್ತದೆ. ಬಿಡುವ ವ್ರತಕ್ಕೆ ನಮ್ಮಲ್ಲಿ ನೂರು ಹೆಸರುಂಟು. ಬೇಡವೆನಿಸಿದಾಗಲೂ ಉಣ್ಣುವ ವ್ರತಕ್ಕೆ ಹೆಸರೇ ಇಲ್ಲ. ಗೀತೆ ಅತಿಯಾಗಿ ಉಣ್ಣುವವನ ಜೊತೆಗೆ ಏನೂ ಉಣ್ಣದವನಿಗೂ ಯೋಗವಿಲ್ಲವೆಂದಿತು. ನಾವು ಆ ಮಾತಿನ ಮೊದಲರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆವು.

ಶಿರವಾಳ ಹಳೆಯ ಕಲ್ಲುಗುಡಿಗಳ ಊರು. ದೇವರಿಗೆ ಹಸಿವಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೂ ಹೊತ್ತಿಗೆ ಸರಿಯಾಗಿ ನೈವೇದ್ಯ ಒಯ್ಯುವುದನ್ನು ಯಾರೂ ಬಿಡರು. ನೈವೇದ್ಯ ನಿಂತುಹೋದ ಗುಡಿ ಕಲ್ಲಿನದಾದ್ದರಿಂದ ಶತಮಾನಗಳ ಕಾಲ ನಿಲ್ಲುತ್ತದೆ. ಮೈಗೆ ಆ ಭಾಗ್ಯವಿಲ್ಲ. ತಂಗಿಗೆ ಇದನ್ನು ಹೇಳಿದಾಗ ಅವಳು ನಕ್ಕಳು, “ನೀ ಮೇಷ್ಟ್ರು, ಎಲ್ಲಿಂದೆಲ್ಲಿಗೋ ಹೋಗ್ತಿ” ಎಂದಳು. ಇರಲಿ.

ಇನ್ನೊಂದು ಮಾತನ್ನು ಹೇಳದಿರಲಾರೆ. ಹಣ ತೆತ್ತು ಹಸಿವನ್ನು ಕಳೆದುಕೊಂಡವಳು ಇರುವುದು ಹಸಿವೇ ಹಳೆಯ ನೆಂಟನಾದ ಜಿಲ್ಲೆಯಲ್ಲಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಅದನ್ನೊಲ್ಲದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದಾಗ ಪರವಿರೋಧದ ಎಷ್ಟು ಗದ್ದಲವೆದ್ದಿತು! ನನ್ನ ತಂಗಿ ಆ ಮಕ್ಕಳ ಸಾಲಿನ ಮುಂದೆ ನಿಂತು ಒಬ್ಬೊಬ್ಬರಿಗೂ ಬಡಿಸಿದವಳು. ‘ತಿಂದು ಮುಗಿಸು, ಬಿಡಬ್ಯಾಡ’ ಎಂದು ಗದರಿದವಳು. ಉಳ್ಳವರ ಕೊರತೆ ಸ್ವಯಂಕೃತ, ಅನುಭವಿಸಲಿ ಎಂದು ಕೆಲವರು ಅನ್ನುವುದನ್ನು ಕೇಳಿದ್ದೇನೆ. ಆ ಮಾತು ನನಗೆ ಒಪ್ಪಿಗೆಯಾಗದು. ರಕ್ತದಲ್ಲಿ ಕಬ್ಬಿಣ ಕಡಿಮೆಯಾದಾಗ ಬರುವ ಕಣ್ಣುಕತ್ತಲೆ ಇಬ್ಬರಿಗೂ ಒಂದೇ. ತಂಗಿ ತನ್ನ ತರಗತಿಯ ಮಗುವಿಗೆ ತೋರಿಸಿದ ಕಾಳಜಿಯನ್ನು ತನ್ನ ಮೈಗೂ ತೋರಿಸಿದ್ದರೆ ಅದು ಸ್ವಾರ್ಥವಾಗುತ್ತಿತ್ತೆ?

ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು, ಮಡಚಿ ಬೀರುವಿನಲ್ಲಿಟ್ಟಿದ್ದಳು. ದೀಪಾವಳಿಯ ರಜೆಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿದೆ: ಮೊದಲು ಬೇಳೆ, ಪನೀರು, ಮೊಸರು, ಕೊನೆಗೆ ರೊಟ್ಟಿ. ಊಟದ ನಡುವೆ ನೀರಿಲ್ಲ. ಕಬ್ಬಿಣದ ಗುಳಿಗೆ ನಿಂಬೆಹಣ್ಣಿನ ನೀರಿನೊಡನೆ, ಚಹದೊಡನೆ ಕೂಡದು. ಸುಣ್ಣದ ಗುಳಿಗೆ ಅದಕ್ಕೆ ಎರಡು ಗಂಟೆ ದೂರ. ಚಿಗವ್ವನಿಗೆ ಓದು ಬಾರದು. ಎರಡು ಸಲ ಓದಿಸಿ ಕೇಳಿಕೊಂಡಳು. ಗುಳಿಗೆಯ ಡಬ್ಬಿಗಳು ಈಗ ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕದಲ್ಲಿವೆ. ಕಬ್ಬಿಣದ್ದನ್ನೂ ಸುಣ್ಣದ್ದನ್ನೂ ಒಟ್ಟಿಗೆ ಏಕೆ ಕೊಡಬಾರದೆಂದು ಮೊಮ್ಮಗನೊಬ್ಬ ಕೇಳಿದನಂತೆ. “ಅವೆರಡೂ ನೆಗೆಣ್ಣೇರು ಇದ್ದಂಗಪ್ಪಾ. ಒಂದ ಒಲಿ ಮುಂದ ಕೂಡಂಗಿಲ್ಲ” ಎಂದಳಂತೆ ಚಿಗವ್ವ.