ವಾಸ್ತು ಪರಿಮಾಣ: ಹೊಸ ಮನೆಯೂ ಶ್ರಾವಕನ ವ್ರತವೂ

ಗೃಹಸ್ಥನಿಗೆ ಜಿನಾಗಮವು ಕೊಟ್ಟಿರುವ ಹೆಸರುಗಳಲ್ಲಿ ‘ಸಾಗಾರ’ ಎಂಬುದು ಒಂದು. ಅಗಾರವೆಂದರೆ ಮನೆ, ಮನೆಯೊಡನೆ ಇರುವವನು ಸಾಗಾರ, ಮನೆಯನ್ನು ತೊರೆದವನು ಅನಗಾರ. ಶ್ರಾವಕನಿಗೂ ಮುನಿಗೂ ಇರುವ ಅಂತರವನ್ನು ಮನೆಯೆಂಬ ಒಂದೇ ಮಾತಿನಿಂದ ಅಳೆದಿರುವುದು ಗಮನಾರ್ಹವಾಗಿದೆ. ಆದುದರಿಂದ ಮನೆ ಕಟ್ಟುವುದು ಶ್ರಾವಕನಿಗೆ ನಿಷಿದ್ಧವಲ್ಲ. ಆದರೆ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಆಚಾರ್ಯರು ಕ್ಷೇತ್ರದ ಬೆನ್ನಲ್ಲೇ ವಾಸ್ತುವನ್ನು ಹೇಳಿದ್ದಾರೆ. ಹಿರಣ್ಯ, ಸುವರ್ಣ, ಧನ, ಧಾನ್ಯಾದಿಗಳು ಅದರ ಅನಂತರ ಬರುತ್ತವೆ. ಮನೆಗೆ ಬಾಗಿಲಿಟ್ಟ ಮೇಲೆ ಅದರೊಳಗೆ ತುಂಬುವ ಸಾಮಗ್ರಿಗಳ ಚಿಂತೆ ಮೊದಲಾಗುವುದೆಂಬ ಲೋಕಾನುಭವವೂ ಈ ಕ್ರಮಕ್ಕೆ ಹೊಂದುತ್ತದೆ.

ಇಂದಿನ ಶ್ರಾವಕ ಕುಟುಂಬಗಳಲ್ಲಿ ಮನೆಯು ಒಂದೇ ಸಲಕ್ಕೆ ಪೂರ್ಣಗೊಳ್ಳುವುದು ಅಪರೂಪ. ಬ್ಯಾಂಕಿನ ಸಾಲ ಮುಗಿಯುವಷ್ಟರಲ್ಲಿ ಗೋಡೆ, ಮಾಡು, ಬಾಗಿಲುಗಳಾಗಿರುತ್ತವೆ, ಗೃಹಪ್ರವೇಶ ನಡೆಯುತ್ತದೆ. ಆಮೇಲೆ ಒಂದು ವರ್ಷ ನೆಲಕ್ಕೆ, ಮತ್ತೊಂದು ವರ್ಷ ಅಡುಗೆಮನೆಯ ಕಪಾಟುಗಳಿಗೆ, ಮುಂದಿನ ವರ್ಷ ಬಣ್ಣಕ್ಕೆ, ಅಂಗಳಕ್ಕೆ, ಮಹಡಿಗೆ ಎಂದು ಕೆಲಸವು ಹಂತಹಂತವಾಗಿ ಸಾಗುತ್ತದೆ. ಈ ಕ್ರಮದಲ್ಲಿ ದೋಷವೇನೂ ಇಲ್ಲ. ಸಾಲದ ಹೊರೆಯನ್ನು ಒಮ್ಮೆಗೇ ಹೊತ್ತು ಆರ್ತಧ್ಯಾನಕ್ಕೆ ಬೀಳುವುದಕ್ಕಿಂತ ಇದು ಮೇಲು. ಆದರೆ ಈ ಹಂತಗಳನ್ನು ನಿರ್ಣಯಿಸುವುದು ಕೈಯಲ್ಲಿರುವ ಹಣ ಮಾತ್ರವೇ, ಅಥವಾ ತೆಗೆದುಕೊಂಡ ವ್ರತವೂ ಅದರಲ್ಲಿ ಪಾಲುಗೊಳ್ಳುತ್ತದೆಯೇ ಎಂಬುದು ವಿಚಾರಾರ್ಹ. ಹಣವೊಂದೇ ಅಳತೆಯಾದರೆ ಆ ಮನೆಗೆ ಕೊನೆಯ ಹಂತವೆಂಬುದೇ ಇರುವುದಿಲ್ಲ.

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದವರು ‘ಮನೆ ಒಂದು’ ಎಂದು ಎಣಿಕೆ ಮಾಡಿಕೊಂಡಿರುತ್ತಾರೆ. ಮುಂದೆ ಪಕ್ಕದ ನಿವೇಶನ ಮಾರಾಟಕ್ಕೆ ಬರುತ್ತದೆ. ನಡುವಿನ ಗೋಡೆ ಕೆಡವಿದರೆ ಎರಡೂ ಕೂಡಿ ಒಂದೇ ಮನೆಯಾಯಿತಲ್ಲ ಎಂಬ ಸಮಾಧಾನ ಹುಟ್ಟುತ್ತದೆ. ಈ ಸಮಾಧಾನವು ಇಂದಿನದಲ್ಲ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವ್ರತದ ಅತಿಚಾರಗಳನ್ನು ವಿವರಿಸುತ್ತಾ ಮೊದಲು ಹೇಳಿರುವುದೇ ಇದನ್ನು: ಗೋಡೆ ಅಥವಾ ಬೇಲಿಯನ್ನು ತೆಗೆದು ಮನೆಗೆ ಮನೆಯನ್ನು, ಹೊಲಕ್ಕೆ ಹೊಲವನ್ನು ಕೂಡಿಸಿ ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳುವುದು. ಧನಧಾನ್ಯಗಳ ವಿಷಯದಲ್ಲಿ ಮುಂಗಡ ಕೊಟ್ಟು, ಅವಧಿ ಮುಗಿಯುವ ತನಕ ಮಾರುವವನ ಬಳಿಯಲ್ಲೇ ಕಟ್ಟಿಡಿಸುವುದು, ಪಾತ್ರೆಗಳ ಎಣಿಕೆ ಮೀರಿದಾಗ ಎರಡನ್ನು ಕೂಡಿಸಿ ಒಂದು ದೊಡ್ಡ ಪಾತ್ರೆ ಮಾಡಿಸಿಕೊಳ್ಳುವುದು ಮುಂತಾದವೂ ಅದೇ ಪಟ್ಟಿಯಲ್ಲಿವೆ. ಎಂಟುನೂರು ವರ್ಷಗಳ ಹಿಂದಿನ ಗೃಹಸ್ಥರ ಉಪಾಯಗಳಿಗೂ ಈಗಿನವರ ಉಪಾಯಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲವೆಂಬುದನ್ನು ಕಂಡರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ವ್ರತ ಮುರಿದಿಲ್ಲವೆಂಬ ನಂಬಿಕೆಯೊಡನೆ ಮಾಡುವ ಕೆಲಸವಾದುದರಿಂದಲೇ ಅದು ಭಂಗವೆನಿಸದೆ ಅತಿಚಾರವೆನಿಸಿತು; ಮನಸ್ಸು ಮಾತ್ರ ಗೆರೆಯನ್ನು ದಾಟಿಯಾಗಿರುತ್ತದೆ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ ಹೇಳಿರುವುದರ ಅಭಿಪ್ರಾಯ ಇಲ್ಲಿ ಸ್ಪಷ್ಟವಾಗುತ್ತದೆ.

ಇಂಥ ಪ್ರಸಂಗದಲ್ಲಿ ಭರತ ಚಕ್ರವರ್ತಿಯನ್ನು ಸಾಕ್ಷಿಗೆ ಕರೆಯುವವರೂ ಉಂಟು. ಮೂಡಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ರಚಿಸಿದ ಭರತೇಶ ವೈಭವದ ನಾಯಕನು ಅರಮನೆಯ ಭೋಗಗಳ ನಡುವೆಯೇ ಆತ್ಮಧ್ಯಾನದಲ್ಲಿದ್ದನು. ಹಾಗಿರುವಾಗ ಹಜಾರಕ್ಕೆ ಅಮೃತಶಿಲೆ ಹಾಸಿದರೆ ತಪ್ಪೇನು ಎಂದು ಅವರು ಕೇಳುತ್ತಾರೆ. ಅಮೃತಶಿಲೆಯಲ್ಲಿ ತಪ್ಪಿಲ್ಲವೆಂದೇ ಒಪ್ಪಿಕೊಳ್ಳೋಣ. ಆದರೆ ಭರತನು ಆ ವೈಭವವನ್ನು ಕ್ಷಣಮಾತ್ರದಲ್ಲಿ ಬಿಟ್ಟು ಹೊರಟವನು. ನೆಲದ ಮೇಲೆ ಒಂದು ಗೀರು ಬಿದ್ದುದಕ್ಕೆ ಮನೆಗೆಲಸದವಳನ್ನು ಗದರಿಸಿ, ರಾತ್ರಿಯೆಲ್ಲ ನಿದ್ರೆಗೆಟ್ಟವನಿಗೆ ಆ ಸಾಕ್ಷಿ ಒದಗಲಾರದು.

ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಯಮ, ನಿಯಮ ಎಂಬ ಎರಡು ಬಗೆಗಳನ್ನು ತೋರಿಸಿದ್ದಾರೆ. ಜೀವಾವಧಿಯ ತ್ಯಾಗ ಯಮ. ದಿನ, ಪಕ್ಷ, ತಿಂಗಳು, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡ ತ್ಯಾಗ ನಿಯಮ. ಹಂತಹಂತವಾಗಿ ಸಿಂಗರಿಸಲ್ಪಡುವ ಮನೆಗೆ ಈ ನಿಯಮದ ದಾರಿ ಎಷ್ಟು ಅನುಕೂಲವೆಂಬುದನ್ನು ಬಲ್ಲವರು ಬಲ್ಲರು. ಈ ಆರು ತಿಂಗಳು ಮನೆಗಾಗಿ ಹೊಸ ವಸ್ತುವನ್ನು ತರುವುದಿಲ್ಲ ಎಂದು ನಿಶ್ಚಯಿಸಿದವನಿಗೆ, ಅವಧಿ ಕಳೆಯುವಷ್ಟರಲ್ಲಿ ಬೇಕೆಂದುಕೊಂಡಿದ್ದವುಗಳಲ್ಲಿ ಕೆಲವು ಬೇಡವಾಗಿರುತ್ತವೆ. ಬೇಕಾದವು ಮಾತ್ರ ಉಳಿಯುತ್ತವೆ. ಚಾತುರ್ಮಾಸದ ನಾಲ್ಕು ತಿಂಗಳನ್ನಾದರೂ ಹೀಗೆ ಬಿಡುವುದು ಎರಡು ಬಗೆಯಲ್ಲಿ ಯುಕ್ತ. ಮಳೆಗಾಲದ ಹಸಿ ಮಣ್ಣಿನಲ್ಲಿ ಜೀವೋತ್ಪತ್ತಿ ಅಪಾರವಾದುದರಿಂದಲೇ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ವರ್ಷಾಯೋಗ ಧರಿಸುತ್ತಾರೆ. ಅದೇ ಕಾಲದಲ್ಲಿ ಅಲಂಕಾರಕ್ಕಾಗಿ ಅಂಗಳವನ್ನು ಅಗೆಯಿಸುವುದು ಶ್ರಾವಕನಿಗೆ ಒಪ್ಪುವುದಿಲ್ಲ. ನಿಷ್ಪ್ರಯೋಜಕವಾಗಿ ನೆಲವನ್ನಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಆಚಾರ್ಯರು ಎಚ್ಚರಿಸಿದ್ದಾರೆ.

ಮನೆ ಕಟ್ಟುವಲ್ಲಿ ಆರಂಭಿ ಹಿಂಸೆ ತಪ್ಪದು. ಅದನ್ನು ಗೃಹಸ್ಥನಿಗೆ ಸಂಪೂರ್ಣವಾಗಿ ಬಿಡಲು ಹೇಳಿಲ್ಲ. ಯತ್ನದಿಂದ ಕಡಿಮೆ ಮಾಡಲು ಹೇಳಿದೆ. ಆ ಯತ್ನವು ಅಂಗಡಿಯಲ್ಲಿ ಸಾಮಾನು ಆರಿಸುವಾಗಲೇ ತೊಡಗಬೇಕು. ಮರದ ಬಾಗಿಲಿಗೆ ಹೊಳಪು ಕೊಡುವ ಪಾಲಿಶುಗಳಲ್ಲಿ ಅರಗಿನಿಂದ ಮಾಡಿದವೂ ಇವೆ. ಅರಗು ಒಂದು ಸೂಕ್ಷ್ಮ ಕೀಟದ ಸ್ರಾವ. ಕೊಂಬೆಯಿಂದ ಕೆರೆದು ಕರಗಿಸುವಾಗ ಅಸಂಖ್ಯ ಕೀಟಗಳು ಅದರೊಡನೆ ನಾಶವಾಗುತ್ತವೆ. ಅರಗಿನ ವ್ಯಾಪಾರವನ್ನು ಕ್ರೂರಕರ್ಮಗಳ ಸಾಲಿನಲ್ಲಿ ಸೇರಿಸಿದ್ದಕ್ಕೆ ಕಾರಣವಿದು. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಮಾಡುವ ಸುಣ್ಣಕ್ಕೆ ಬದಲು ಕಲ್ಲುಸುಣ್ಣ ಸಿಗುತ್ತದೆ. ರೇಷ್ಮೆಯ ಪರದೆ, ಚರ್ಮದ ಹೊದಿಕೆಯ ಸೋಫಾ, ಗಾಜಿನ ತೊಟ್ಟಿಯ ಮೀನು, ಪಂಜರದ ಗಿಳಿ ಇವುಗಳ ಬಗೆಗೆ ಹೇಳಬೇಕಾದುದೇ ಇಲ್ಲ. ಪ್ರಾಣಿಗಳನ್ನು ಬಂಧನದಲ್ಲಿಡುವುದು ಅಹಿಂಸಾಣುವ್ರತದ ಅತಿಚಾರ. ಗೆದ್ದಲಿನ ಪ್ರಶ್ನೆ ಮಾತ್ರ ಕಠಿನವಾದುದು. ಗೆದ್ದಲು ಹತ್ತಿದ ಮೇಲೆ ವಿಷ ಸುರಿಸುವುದು ಸಂಕಲ್ಪದಿಂದ ಕೊಲ್ಲುವುದೇ ಆಗುತ್ತದೆ. ಆದ್ದರಿಂದ ಹತ್ತದಂತೆ ಕಟ್ಟುವುದೇ ದಾರಿ: ಎತ್ತರದ ಕಲ್ಲಿನ ಪಂಚಾಂಗ, ಮಣ್ಣಿಗೆ ತಾಗದ ದಾರಂದ, ಗೋಡೆಗೆ ಒರಗದಂತೆ ಇಟ್ಟ ಕಪಾಟು, ಒದ್ದೆ ನಿಲ್ಲದ ಬಚ್ಚಲು. ಹಾಗೆಯೇ ಮುಂಬಾಗಿಲ ಹೊರಗೆ ಶೋಭೆಗೆ ಸಾಲಾಗಿ ಉರಿಸುವ ದೀಪಗಳ ಕೆಳಗೆ ಮುಂಗಾರಿನ ಒಂದು ಬೆಳಗ್ಗೆ ಗುಡಿಸಿದವರಿಗೆ, ಎಷ್ಟು ರೆಕ್ಕೆಯ ಜೀವಗಳು ಸತ್ತು ಬಿದ್ದಿರುತ್ತವೆಂಬುದು ತಿಳಿದಿರುತ್ತದೆ.

ಯಾವುದು ಮೊದಲ ಹಂತವಾಗಬೇಕು? ಸೋಸಿದ ನೀರಿಗೂ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಬಾವಿಗೆ ಮರಳಿಸುವುದಕ್ಕೂ ಅನುಕೂಲವಾದ ಅಡುಗೆಮನೆ ಮೊದಲು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವವರ ಊಟದ ಕೋಣೆಗೆ ಪಡುವಣ ಕಿಟಕಿ ದೊಡ್ಡದಾಗಿದ್ದರೆ ಸಂಜೆಯ ಊಟಕ್ಕೆ ದೀಪ ಬೇಕಾಗುವುದಿಲ್ಲ. ಮುನಿಸಂಘ ಊರಿಗೆ ಬಂದಾಗ ಪಡಿಗಾಹಿಸಲು ದಂಪತಿಗಳು ಕಲಶ ಹಿಡಿದು ನಿಲ್ಲುವಷ್ಟು ಬಾಗಿಲ ಮುಂದೆ ಜಾಗ, ಮುನಿಗಳು ನಿಂತು ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸಲು ಹಗಲ ಬೆಳಕು ಬೀಳುವ ಒಂದು ಶುದ್ಧ ಸ್ಥಳ, ಜಪಕ್ಕೆ ಒಂದು ಮೂಲೆ. ಇಷ್ಟಾದ ಮೇಲೆ ಉಳಿದುದು ಕಾಯಬಹುದು. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟಮೂರ್ತಿಗೆ ಸುತ್ತಾಲಯವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅದು 12ನೆಯ ಶತಮಾನದ ಮಾತು. ನೂರಕ್ಕೂ ಹೆಚ್ಚು ವರ್ಷ ಸ್ವಾಮಿಯು ಸುತ್ತಾಲಯವಿಲ್ಲದೆ ನಿಂತಿದ್ದರಿಂದ ದರ್ಶನಕ್ಕೆ ಕೊರತೆಯೇನೂ ಆಗಲಿಲ್ಲ.

ಒಂದು ಮನೆಯ ಸಂಗತಿ. ಆ ಮನೆಯ ಹಿರಿಯ ತಾಯಿ ಅನಂತನ ನೋಂಪಿ ಹಿಡಿದು ಹದಿನಾಲ್ಕನೆಯ ವರ್ಷ; ಭಾದ್ರಪದ ಶುಕ್ಲ ಚತುರ್ದಶಿಗೆ ಉಪವಾಸ ಮುಗಿಸಿ ಉದ್ಯಾಪನೆಯಾಗಬೇಕು. ಮಗನು ಹೊಸ ಮನೆಯನ್ನು ಹೊಕ್ಕು ಒಂದು ವರ್ಷವಾಗಿತ್ತು. ಹಜಾರದ ನೆಲಕ್ಕೆ ಕಲ್ಲು ಆರಿಸಿ ಮುಂಗಡ ಕೊಡುವುದರಲ್ಲಿದ್ದನು. ಜಪದ ಕೋಣೆಯಲ್ಲಿ ಬಣ್ಣದ ಡಬ್ಬಿಗಳು ತುಂಬಿದ್ದುದರಿಂದ ತಾಯಿ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಜಪಕ್ಕೆ ಕೂರುತ್ತಿದ್ದರು. “ಅಮ್ಮಾ, ಈ ವರ್ಷ ಕೈ ಬಿಗಿಯಾಗಿದೆ. ನೆಲದ ಕೆಲಸ ಮುಗಿಯಲಿ, ಉದ್ಯಾಪನೆಯನ್ನು ಮುಂದೆ ವಿಜೃಂಭಣೆಯಿಂದ ಮಾಡೋಣ” ಎಂದನು.

ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ನಡೆಸಬೇಕೆಂಬ ವಿಧಿಯುಂಟು. ಎಪ್ಪತ್ತು ದಾಟಿದ ಆ ತಾಯಿಗೆ ಅದು ತಿಳಿದಿತ್ತು. ಕೋಪವಿಲ್ಲದೆ, “ಆಗಲಿ ಮಗಾ. ಶಕ್ತಿಯಿಲ್ಲದಿದ್ದರೆ ಇನ್ನೂ ಹದಿನಾಲ್ಕು ವರ್ಷ ಉಪವಾಸ ಮಾಡುತ್ತೇನೆ. ಶಕ್ತಿಯಿಲ್ಲವೆಂದು ಬಸದಿಯಲ್ಲಿ ಸ್ವಾಮಿಯ ಮುಂದೆ ನೀನೇ ಹೇಳಿ ಬಾ” ಎಂದರು.

ಮಗನು ಬಸದಿಗೆ ಹೋದನು. ಎಷ್ಟು ಹೊತ್ತು ಅಲ್ಲಿದ್ದನೋ ತಿಳಿಯದು. ಮಧ್ಯಾಹ್ನ ಕಲ್ಲಿನ ಅಂಗಡಿಯವನಿಗೆ ಬೇಡವೆಂದು ಹೇಳಿಕಳುಹಿಸಿ, ಬಣ್ಣದ ಡಬ್ಬಿಗಳನ್ನು ತಾನೇ ಹೊತ್ತು ಹೊರಗಿಟ್ಟು ಜಪದ ಕೋಣೆಯನ್ನು ತೊಳೆಸಿದನು. ಮುಂದೆ ಮಹಡಿ ಏರಿಸಲೆಂದು ತಾರಸಿಯ ಮೇಲೆ ಬಿಟ್ಟಿದ್ದ ಕಬ್ಬಿಣದ ಕಂಬಿಗಳನ್ನು ಆ ವಾರದಲ್ಲೇ ಕೊಯ್ಯಿಸಿದನು. ಅವು ಬಸದಿಯ ಪ್ರಾಕಾರದ ಕೆಲಸಕ್ಕೆ ಹೋದವು. ಆ ಭಾದ್ರಪದದಲ್ಲಿ ಉದ್ಯಾಪನೆ ಯಥಾವಿಧಿಯಾಗಿ ನಡೆಯಿತು. ಪಾರಣೆಯ ದಿನ ಬಂದವರೆಲ್ಲ ಹಜಾರದ ಬರಿಯ ಸಿಮೆಂಟಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತು ಉಂಡರು.