ವಿಸರ್ಜನೆಯ ಧರ್ಮ

ನವರಾತ್ರಿಯ ಪೂಜೆ ಮುಗಿದ ಮೇಲೆ ದೇವಿಗೆ ಏರಿಸಿದ ಹೂವು ಪತ್ರೆಗಳನ್ನು ಹರಿಯುವ ನೀರಿಗೆ ಬಿಡುವುದು ಹಿರಿಯರಿಂದ ನಡೆದುಬಂದ ಆಚಾರ. ನಿರ್ಮಾಲ್ಯವು ಕಾಲ್ತುಳಿತಕ್ಕೆ ಸಿಕ್ಕದಿರಲಿ ಎಂಬುದು ಅದರ ಆಶಯ. ‘ಸೃಷ್ಟಿ’, ‘ವಿಸರ್ಜನೆ’ ಎಂಬ ಎರಡು ಶಬ್ದಗಳೂ ‘ಸೃಜ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಮಣ್ಣಿನಿಂದ ಮೂಡಿದ ಮೂರ್ತಿ ನೀರಿನಲ್ಲಿ ಕರಗಿ ಮತ್ತೆ ಮಣ್ಣಾಗುತ್ತದೆ. ಹೂವು ಕೊಳೆತು ಗೊಬ್ಬರವಾಗುತ್ತದೆ.

ಮುಂಬಯಿಯ ವಾಶಿ ಸೇತುವೆಯ ಮೇಲೆ ಕಾಣುವ ದೃಶ್ಯ ಬೇರೆ. ನಿರ್ಮಾಲ್ಯ ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದು, ಠಾಣೆಯ ಖಾಡಿಗೆ ಎಸೆದು, ಕೈಮುಗಿದು ಜನರು ಮುಂದೆ ಸಾಗುತ್ತಾರೆ. ಅವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಖನಿಜ ತೈಲದಿಂದ ಹುಟ್ಟಿದ ಆ ಚೀಲ ನೀರಿನಲ್ಲಿ ಕರಗುವ ವಸ್ತುವಲ್ಲ. ಬಿಸಿಲಿಗೂ ಅಲೆಗಳ ಹೊಡೆತಕ್ಕೂ ಸಿಕ್ಕಿ, 5 ಮಿಲಿಮೀಟರಿಗಿಂತ ಸಣ್ಣ ಚೂರುಗಳಾಗಿ ಮೀನಿನ ಹೊಟ್ಟೆ ಸೇರುತ್ತದೆ. ಇಡಿಯಾಗಿ ತೇಲುವುದನ್ನು ಕಡಲಾಮೆ ಲೋಳೆಮೀನೆಂದು ಭ್ರಮಿಸಿ ನುಂಗುತ್ತದೆ. ದಶಾವತಾರದ ಮೊದಲೆರಡು ರೂಪಗಳು ಯಾವುವೆಂಬುದನ್ನು ಭಕ್ತರಿಗೆ ನೆನಪಿಸಬೇಕಾಗಿಲ್ಲ.

ಹೋಮದಲ್ಲಿ ಆಹುತಿಯನ್ನು ಅರ್ಪಿಸುವಾಗ ‘ಇದು ನನ್ನದಲ್ಲ’ ಎಂದು ನುಡಿಯುವ ಸಂಪ್ರದಾಯವಿದೆ. ಚೀಲವನ್ನು ಎಸೆಯುವವನೂ ಮನಸ್ಸಿನಲ್ಲಿ ಅದನ್ನೇ ನುಡಿಯುತ್ತಾನೆ. ಯಜಮಾನನು ಬಿಡುವುದು ತನಗೆ ಪ್ರಿಯವಾದುದರ ಮೇಲಣ ಹಕ್ಕನ್ನು; ಇವನು ಬಿಡುವುದು ಬೇಡವಾದುದರ ಹೊಣೆಯನ್ನು. ಹೊಣೆಯನ್ನು ಬಿಡುವುದು ತ್ಯಾಗವೆನಿಸೀತೆ? ಕಡಲಂತೂ ಒಪ್ಪಿದಂತೆ ತೋರದು. ಮಳೆಗಾಲದ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಮರೀನ್ ಡ್ರೈವಿನ ರಸ್ತೆಯ ಮೇಲೆ ರಾಶಿ ರಾಶಿ ಕಸವನ್ನು ತಂದು ಸುರಿದು ಹೋಗುತ್ತದೆ.

ಹೊಣೆಯ ಈ ಪ್ರಶ್ನೆ ರಾಷ್ಟ್ರಗಳನ್ನೂ ಬಿಟ್ಟಿಲ್ಲ. ಪ್ಲಾಸ್ಟಿಕ್ ಮಾಲಿನ್ಯವನ್ನು ಕೊನೆಗಾಣಿಸಲು ಒಪ್ಪಂದವೊಂದನ್ನು ರಚಿಸುವುದಾಗಿ 2022ರ ಮಾರ್ಚ್ ತಿಂಗಳಲ್ಲಿ ನೈರೋಬಿಯಲ್ಲಿ ಸಂಕಲ್ಪ ಮಾಡಿದವು. ತಯಾರಿಕೆಗೇ ಮಿತಿ ಬೇಕೆ, ಕಸದ ವಿಲೇವಾರಿಯಷ್ಟೇ ಸಾಕೆ ಎಂಬ ವಾದ ಬಗೆಹರಿಯದೆ, 2025ರ ಆಗಸ್ಟ್ ತಿಂಗಳಲ್ಲಿ ಜಿನೀವಾದಿಂದ ಬರಿಗೈಯಲ್ಲಿ ಹಿಂದಿರುಗಿದವು.

ವಿಸರ್ಜನೆಯ ಸ್ಥಳಗಳಲ್ಲಿ ಈಗ ನಗರಪಾಲಿಕೆಯು ನಿರ್ಮಾಲ್ಯ ಕಲಶಗಳನ್ನು ಇರಿಸುತ್ತದೆ. ಅದರಲ್ಲಿ ಬಿದ್ದ ಹೂವು ಗೊಬ್ಬರವಾಗಿ ಗಿಡದ ಬುಡ ಸೇರುವುದರಿಂದ ಹಿರಿಯರ ಆಶಯಕ್ಕೆ ಭಂಗವೇನೂ ಇಲ್ಲ. ಗೃಹಿಣಿಯೊಬ್ಬಳು ಅಲ್ಲಿಗೆ ಬಂದು, ಚೀಲದ ಗಂಟು ಬಿಚ್ಚಿ, ಹೂವನ್ನು ಕಲಶಕ್ಕೆ ಸುರಿದು ನಮಸ್ಕರಿಸುತ್ತಾಳೆ. ಕೈಯಲ್ಲಿ ಒದ್ದೆ ಚೀಲ ಉಳಿಯುತ್ತದೆ. ಕ್ಷಣಕಾಲ ನೀರಿನ ಕಡೆ ನೋಡುತ್ತಾಳೆ. ಬಳಿಕ ಅದನ್ನು ಕೊಡವಿ, ನಾಲ್ಕಾಗಿ ಮಡಿಚಿ, ಮನೆಯ ಕಡೆ ಹೆಜ್ಜೆ ಹಾಕುತ್ತಾಳೆ.