ಕರ್ಮಣಿ ಪ್ರಯೋಗ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ರಾವಣ ಎರಡು ಸಲ ಸಾಯುತ್ತಾನೆ. ಕರ್ತರಿ ಪ್ರಯೋಗದಲ್ಲಿ ರಾಮನು ರಾವಣನನ್ನು ಕೊಂದನು. ಕರ್ಮಣಿ ಪ್ರಯೋಗದಲ್ಲಿ ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಎರಡನೆಯ ವಾಕ್ಯವನ್ನು ಪರೀಕ್ಷೆಯ ಕೋಣೆ ಬಿಟ್ಟು ಹೊರಗೆ ಯಾವ ಕನ್ನಡಿಗನೂ ಆಡುವುದಿಲ್ಲ. ಆದರೆ ಅದರ ಹತ್ತಿರದ ನೆಂಟ ವಿಜ್ಞಾನದ ಬರವಣಿಗೆಯಲ್ಲಿ ಕಾಯಂ ಬಿಡಾರ ಹೂಡಿದ್ದಾನೆ. ಅಲ್ಲಂತೂ ರಾಮನ ಹೆಸರೂ ಇರುವುದಿಲ್ಲ. 'ಪ್ರಯೋಗದ ಕೊನೆಯಲ್ಲಿ ಇಲಿಗಳನ್ನು ಸ್ಯಾಕ್ರಿಫೈಸ್ ಮಾಡಲಾಯಿತು.' ಅಷ್ಟೇ. ಮಾಡಿದವರು ಯಾರು, ಇಲಿಗಳು ಎಷ್ಟು ಎಂದು ಕೇಳುವ ಮೊದಲೇ ವಾಕ್ಯ ಮುಗಿದಿರುತ್ತದೆ.

ಮಾತಿನಲ್ಲೂ ಹೀಗೇ. ಬೆಂಗಳೂರಿನ ಲ್ಯಾಬುಗಳಲ್ಲಿ ಪಿಎಚ್‌ಡಿ ಮಾಡುವವರು 'ನಾಳೆ ಸ್ಯಾಕ್ರಿಫೈಸ್ ಇದೆ, ಬೇಗ ಬರಬೇಕು' ಅನ್ನುತ್ತಾರೆ. 'ನಾಳೆ ಕೊಲ್ಲೋದಿದೆ' ಅನ್ನುವವರು ಅಪರೂಪ. ಸಮಾಜಶಾಸ್ತ್ರಜ್ಞ ಮೈಕೆಲ್ ಲಿಂಚ್ ಈ ಒಂದು ಪದದ ಮೇಲೆಯೇ 1988ರಲ್ಲಿ ಪ್ರಬಂಧ ಬರೆದಿದ್ದ: ಬಾಲ ಅಲ್ಲಾಡಿಸುವ, ಕಚ್ಚುವ ಪ್ರಾಣಿ ಅಂಕಿ-ಅಂಶವಾಗಿ ಮಾರ್ಪಡುವ ಕ್ಷಣಕ್ಕೆ ಇಟ್ಟ ಹೆಸರು ಇದು ಎಂಬುದು ಅವನ ವಾದ. ಕನ್ನಡದಲ್ಲಿ ಈ ಪದ ಇನ್ನೂ ಚುಚ್ಚುತ್ತದೆ. ಸ್ಯಾಕ್ರಿಫೈಸ್ ಅಂದರೆ ಬಲಿ. ಮಾರಿಜಾತ್ರೆಯಲ್ಲಿ ಕತ್ತಿ ಹಿಡಿದವನಿಗೂ ಬಲಿ ಯಾವ ದೇವರಿಗೆ, ಯಾರ ಹರಕೆಗೆ ಎಂಬುದು ಗೊತ್ತಿರುತ್ತದೆ. ಲ್ಯಾಬಿನ ಬಲಿ ಯಾರಿಗೆ? ಜ್ಞಾನಕ್ಕೆ, ಎನ್ನುತ್ತದೆ ವಿಜ್ಞಾನ. ಒಪ್ಪೋಣ. ಹಾಗಾದರೆ ಹರಕೆ ತೀರುವ ಜಾಗ ಪಂಜರವೂ ಅಲ್ಲ, ಮೇಜೂ ಅಲ್ಲ, ಪ್ರಕಟವಾದ ಪುಟ. ಪುಟ ಬಾರದಿದ್ದರೆ, ಅಥವಾ ಸುಳ್ಳು ಪುಟ ಬಂದರೆ, ನಡೆದದ್ದಕ್ಕೆ ಬಲಿ ಎಂಬ ಹೆಸರೂ ಸಲ್ಲುವುದಿಲ್ಲ.

ಈ 'ಮಾಡಲಾಯಿತು' ಎಂಬುದರ ವಿರುದ್ಧ ಒಬ್ಬ ವಿಜ್ಞಾನಿ ಒಮ್ಮೆ ನಾಯಿಯೊಂದನ್ನು ಛೂ ಬಿಟ್ಟದ್ದುಂಟು. ರೋಗನಿರೋಧಕ ವಿಜ್ಞಾನಿ ಪಾಲಿ ಮ್ಯಾಟ್ಜಿಂಗರ್ 1978ರಲ್ಲಿ 'ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್'ಗೆ ಪ್ರಬಂಧ ಬರೆಯುತ್ತಿದ್ದಳು. ಕರ್ಮಣಿ ಪ್ರಯೋಗ ಅವಳಿಗೆ ಆಗದು. 'ನಾನು ಮಾಡಿದೆ' ಎನ್ನಲು ಅಳುಕು. 'ನಾವು' ಎನ್ನಬೇಕಾದರೆ ಇನ್ನೊಬ್ಬರು ಬೇಕಲ್ಲ? ತನ್ನ ಅಫ್ಘನ್ ಹೌಂಡ್ ನಾಯಿ ಗಲಾಡ್ರಿಯಲ್ ಮರ್ಕ್‌ವುಡ್‌ಳನ್ನು ಸಹಲೇಖಕಿ ಮಾಡಿಬಿಟ್ಟಳು. ಅದಕ್ಕೂ ಮೂರು ವರ್ಷ ಮೊದಲು ಜ್ಯಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ತನ್ನ ಸಯಾಮಿ ಬೆಕ್ಕು ಚೆಸ್ಟರ್‌ನನ್ನು ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್'ಗೆ ಏರಿಸಿದ್ದ. ಇಡೀ ಪ್ರಬಂಧವನ್ನು 'ನಾವು' ಎಂದು ಟೈಪ್ ಮಾಡಿ ಮುಗಿಸಿದ ಮೇಲೆ, ಒಬ್ಬನೇ ಲೇಖಕನಿದ್ದರೆ ಅದು ನಡೆಯದು ಎಂದು ತಿಳಿದು, ಮತ್ತೆ ಟೈಪ್ ಮಾಡುವ ಬೇಸರಕ್ಕೆ. ಬೆಕ್ಕಿನ ಕಥೆ ನಗುವಿನಲ್ಲಿ ಮುಗಿಯಿತು. ನಾಯಿಯ ಕಥೆ ಹಾಗಾಗಲಿಲ್ಲ. ಗುಟ್ಟು ರಟ್ಟಾದಾಗ ಸಂಪಾದಕ ಕೆರಳಿದ; ಅವನು ಇರುವವರೆಗೂ ಆ ಪತ್ರಿಕೆಯ ಬಾಗಿಲು ಅವಳಿಗೆ ಮುಚ್ಚಿತ್ತು.

ಗಲಾಡ್ರಿಯಲ್‌ಗೆ ಒಂದು ಚುಚ್ಚುಮದ್ದೂ ತಗುಲಿರಲಿಲ್ಲ. ಸಂಪಾದಕನಿಗೆ ನೋವಾದದ್ದು ಪುಟಕ್ಕೆ ಆದ ಅಪಚಾರಕ್ಕೆ. ತಪ್ಪೇನಲ್ಲ, ಪುಟ ಕಾಯುವುದೇ ಸಂಪಾದಕನ ಕೆಲಸ. ಆದರೆ ಪುಟ ಕಾಯುವ ನೀತಿ ಬೇರೆ, ಪಂಜರ ಕಾಯುವ ನೀತಿ ಬೇರೆ ಎಂದು ಎರಡು ಖಾತೆ ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಿಪ್ಪಲಿಯ ಕಥೆ ನೋಡಬೇಕು.

ಕೆಮ್ಮಿಗೆ ಅಜ್ಜಿಯರು ಕುಟ್ಟಿ ಜೇನಿನಲ್ಲಿ ಕೊಡುವ ಅದೇ ಹಿಪ್ಪಲಿ. ಅದರಲ್ಲಿರುವ ಪೈಪರ್‌ಲಾಂಗುಮಿನ್ ಎಂಬ ವಸ್ತು ಆರೋಗ್ಯವಂತ ಕೋಶಗಳನ್ನು ಬಿಟ್ಟು ಕ್ಯಾನ್ಸರ್ ಕೋಶಗಳನ್ನಷ್ಟೇ ಕೊಲ್ಲುತ್ತದೆ ಎಂದು 2011ರಲ್ಲಿ ಅಮೆರಿಕದ ಸಂಶೋಧಕರು 'ನೇಚರ್'ನಲ್ಲಿ ಬರೆದರು. ಗಡ್ಡೆ ಬೆಳೆಸಿದ ಇಲಿಗಳ ಮೇಲೂ ಪರೀಕ್ಷೆ ನಡೆದಿತ್ತು. ಇಂಥ ಪ್ರಯೋಗಗಳಲ್ಲಿ ಗಡ್ಡೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನೈತಿಕ ಸಮಿತಿ ಮಿತಿ ಹಾಕಿರುತ್ತದೆ. ಇಲಿ ಅಂಗೈಯಗಲದ ಪ್ರಾಣಿ. ಗಡ್ಡೆ ಮಿತಿ ಮೀರಿದರೆ ಚರ್ಮ ಒಡೆದು ಹುಣ್ಣಾಗುತ್ತದೆ, ನಡೆಯಲಾಗುವುದಿಲ್ಲ, ನೀರಿನ ಬಾಟಲಿಯವರೆಗೂ ಹೋಗಲಾಗುವುದಿಲ್ಲ. ಕೆಲವು ಇಲಿಗಳಲ್ಲಿ ಗಡ್ಡೆ ಆ ಮಿತಿ ದಾಟಿತ್ತು ಎಂದು 2015ರಲ್ಲಿ ಪತ್ರಿಕೆ ತಿದ್ದುಪಡಿ ಹಾಕಿತು. ಪ್ರಬಂಧ ಉಳಿಯಿತು. 2018ರಲ್ಲಿ ಅದೇ ಪ್ರಬಂಧ ವಾಪಸಾಯಿತು, ಈ ಸಲ ಚಿತ್ರಗಳಲ್ಲಿನ ದೋಷಕ್ಕೆ. ಇಲಿಗೆ ಆದ ಅನ್ಯಾಯಕ್ಕೆ ತಿದ್ದುಪಡಿ, ಚಿತ್ರಕ್ಕೆ ಆದ ಅನ್ಯಾಯಕ್ಕೆ ವಾಪಸಾತಿ. ಪತ್ರಿಕೆಯ ಪರವಾಗಿಯೂ ಹೇಳಲು ಮಾತಿದೆ: ಗಡ್ಡೆ ದೊಡ್ಡದಾದ ಮಾತ್ರಕ್ಕೆ ಫಲಿತಾಂಶ ಸುಳ್ಳಾಗುವುದಿಲ್ಲ, ಚಿತ್ರ ಕೆಟ್ಟರೆ ಆಗುತ್ತದೆ. ತರ್ಕ ಸರಿಯಾಗಿಯೇ ಇದೆ. ಮನಸ್ಸು ಮಾತ್ರ ಒಪ್ಪುವುದಿಲ್ಲ.

ಎರಡೂ ಖಾತೆಗಳಿಗೆ ತಮ್ಮ ತಮ್ಮ ಕಾವಲುಗಾರರಿದ್ದಾರೆ. ಪಂಜರದ ಕಡೆ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ಮಾತುಗಳಿವೆ: ಸಾಧ್ಯವಿದ್ದರೆ ಪ್ರಾಣಿಯ ಬದಲು ಬೇರೆ ಬಳಸು, ಸಂಖ್ಯೆ ಇಳಿಸು, ನೋವು ತಗ್ಗಿಸು. ಮರುವರ್ಷವೇ ಭಾರತದಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು, ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಪಟ್ಟು ಹಿಡಿದಿದ್ದರು. ಇಂದು ಪ್ರಾಣಿ ಬಳಸುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇದೆ. ಅದು ಕೊಟ್ಟ ನಂಬರ್ ಪ್ರಬಂಧದ ಒಂದು ಮೂಲೆಯಲ್ಲಿ ಅಚ್ಚಾಗುತ್ತದೆ. ಪುಟದ ಕಡೆ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರುಗಳು, ಚಿತ್ರಗಳನ್ನು ಜಾಲಾಡುವ ಎಲಿಸಬೆತ್ ಬಿಕ್‌ರಂಥ ಹದ್ದಿನ ಕಣ್ಣುಗಳು. ಬಿಕ್ ಮತ್ತು ಸಂಗಡಿಗರು 20,621 ಪ್ರಬಂಧಗಳನ್ನು ಕಣ್ಣಿನಿಂದಲೇ ಶೋಧಿಸಿ, ನೂರಕ್ಕೆ 3.8ರಷ್ಟರಲ್ಲಿ ಸಂಶಯಾಸ್ಪದ ಚಿತ್ರಗಳಿವೆ ಎಂದು 2016ರಲ್ಲಿ ತೋರಿಸಿದರು. ಆದರೆ ಈ ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ಮಾತಾಡಿಸುವುದು ಕಡಿಮೆ. ಸಮಿತಿ ಕೇಳುವುದು ಬಹುಮಟ್ಟಿಗೆ ಮುಂದೆ ಮಾಡುವುದನ್ನು. ಸಂಪಾದಕ ನೋಡುವುದು ತನ್ನ ಮೇಜಿಗೆ ಬಂದದ್ದನ್ನು. ಮೇಜಿಗೆ ಬಾರದೇ ಹೋದದ್ದರ ಗತಿ?

ಅದನ್ನು ಒಮ್ಮೆ ಎಣಿಸಿದ್ದಾರೆ. ನೆದರ್‌ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಸಂಶೋಧಕರು ತಮ್ಮದೇ ಸಂಸ್ಥೆಯಲ್ಲಿ ಅನುಮತಿ ಪಡೆದಿದ್ದ 67 ಪ್ರಾಣಿಪ್ರಯೋಗ ಯೋಜನೆಗಳ ಜಾಡು ಹಿಡಿದರು. ಪೂರ್ಣ ಪ್ರಬಂಧವಾಗಿ ಹೊರಬಂದದ್ದು ಅರ್ಧಕ್ಕಿಂತ ಕಡಿಮೆ. ಬಳಕೆಯಾದ ಪ್ರಾಣಿಗಳು 5,590. ಪ್ರಕಟವಾದ ಬರಹಗಳಲ್ಲಿ ಲೆಕ್ಕಕ್ಕೆ ಸಿಕ್ಕವು 1,471. ಉಳಿದ 4,119 ಪ್ರಾಣಿಗಳು ಕರ್ಮಣಿ ಪ್ರಯೋಗದಲ್ಲೂ ಇಲ್ಲ, ಕರ್ತರಿಯಲ್ಲೂ ಇಲ್ಲ. ಇದು ಕೇಡಿಗರ ಸಂಸ್ಥೆಯ ಕಥೆಯಲ್ಲ; ತನ್ನ ಹುಳುಕನ್ನು ತಾನೇ 2020ರಲ್ಲಿ ಅಚ್ಚು ಹಾಕಿಸಿದ ಸಂಸ್ಥೆಯದು. ಎಣಿಸದೇ ಇರುವ ಕಡೆ ಲೆಕ್ಕ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ನಂಬಲು ಕಾರಣವಿಲ್ಲ.

ಅಚ್ಚಾದದ್ದರ ಹಣೆಬರಹವೂ ಅಷ್ಟಕ್ಕಷ್ಟೇ. ಇಲಿ, ಹೆಗ್ಗಣ, ಕೋತಿಗಳ ಮೇಲಿನ 271 ಪ್ರಬಂಧಗಳನ್ನು ಬ್ರಿಟನ್ನಿನಲ್ಲಿ 2009ರಲ್ಲಿ ಪರಿಶೀಲಿಸಿದಾಗ, ಸಂಶೋಧನೆಯ ಉದ್ದೇಶ, ಪ್ರಾಣಿಗಳ ಸಂಖ್ಯೆ, ಲಕ್ಷಣ ಇವಿಷ್ಟನ್ನೂ ಹೇಳಿದವು ನೂರಕ್ಕೆ 59 ಮಾತ್ರ. ಪ್ರಾಣಿಗಳನ್ನು ಗುಂಪು ಮಾಡುವಾಗ ಚೀಟಿ ಎತ್ತಿದಂತೆ ಹಂಚಿದ್ದನ್ನು 87 ಪ್ರತಿಶತ ಪ್ರಬಂಧಗಳು ಹೇಳಿರಲೇ ಇಲ್ಲ. ಇದೇನು ಮಹಾ ಎನ್ನಿಸಬಹುದು. ಪಂಜರಕ್ಕೆ ಕೈ ಹಾಕಿ ನೋಡಿದರೆ ತಿಳಿಯುತ್ತದೆ: ಚುರುಕಾದ ಇಲಿ ಮೂಲೆಗೆ ಓಡುತ್ತದೆ, ಜಡವಾದದ್ದು ಮೊದಲು ಕೈಗೆ ಸಿಗುತ್ತದೆ. ಸಿಕ್ಕ ಐದಕ್ಕೆ ಔಷಧ, ಉಳಿದ ಐದಕ್ಕೆ ಬರೀ ನೀರು ಎಂದರೆ ಪ್ರಯೋಗ ಶುರುವಾಗುವ ಮೊದಲೇ ಸೋತಂತೆ. ಆ ಹತ್ತೂ ಇಲಿಗಳ ನೋವು ಮಾತ್ರ ಸೋತಿರುವುದಿಲ್ಲ, ನಡೆದೇ ನಡೆಯುತ್ತದೆ. ಕೆಟ್ಟ ಅಂಕಿಶಾಸ್ತ್ರವೂ ಒಂದು ಬಗೆಯ ಕ್ರೌರ್ಯ ಎನ್ನುವುದು ಇಲ್ಲಿ ಅಲಂಕಾರದ ಮಾತಲ್ಲ.

ಇದಕ್ಕೆ ತತ್ತ್ವಶಾಸ್ತ್ರದ ಕಡೆಯಿಂದ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಮಂಗಳವಾರ ಮಾಡಿದ ಕೆಲಸದ ಒಳಿತು-ಕೆಡುಕು ಮುಂದಿನ ವರ್ಷ ಬರೆದ ಪ್ರಬಂಧದಿಂದ ಬದಲಾಗುವುದು ಹೇಗೆ? ಇಲಿಗೆ ಆದದ್ದು ಆಗಿಹೋಯಿತು; ಹಿಂದಕ್ಕೆ ಹೋಗಿ ಅದನ್ನು ನ್ಯಾಯವೆಂದೋ ಅನ್ಯಾಯವೆಂದೋ ಮಾಡಲಾಗದು. ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಚಿತ್ರಕಾರ ಗೋಗ್ಯಾಂನನ್ನು ಮುಂದಿಟ್ಟುಕೊಂಡು ಇಂಥದ್ದೇ ಪ್ರಶ್ನೆ ಕೇಳಿದ್ದ: ಸಂಸಾರ ತೊರೆದು ಕಲೆಗಾಗಿ ಹೋದವನ ನಡೆಗೆ ಸಮರ್ಥನೆ ಇದೆಯೋ ಇಲ್ಲವೋ ಎಂಬುದು ಚಿತ್ರಗಳು ಗೆದ್ದ ಮೇಲೆ ತಾನೇ ಗೊತ್ತಾಗುವುದು? ಅವನು ಇದಕ್ಕೆ ಕೊಟ್ಟ ಹೆಸರು ನೈತಿಕ ಅದೃಷ್ಟ.

ಸಂಶೋಧಕನ ವಿಷಯದಲ್ಲಿ ಅದೃಷ್ಟದ ಪಾಲು ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಊಹೆ ಸುಳ್ಳಾಗುವುದು ಅದೃಷ್ಟ. ಔಷಧ ಕೆಲಸ ಮಾಡದಿರುವುದು ಅದೃಷ್ಟ. 'ಕೆಲಸ ಮಾಡಲಿಲ್ಲ' ಎಂದು ಬರೆಯದಿರುವುದು ಅದೃಷ್ಟವಲ್ಲ, ಆಯ್ಕೆ. ಸಮಿತಿಯ ಮುಂದೆ ಅರ್ಜಿ ಹಿಡಿದು ನಿಂತವನು ಗೆಲ್ಲುತ್ತೇನೆ ಎಂದೇನೂ ಮಾತು ಕೊಡುವುದಿಲ್ಲ, ತಿಳಿದುಕೊಳ್ಳುತ್ತೇನೆ ಎನ್ನುತ್ತಾನೆ. ತಿಳಿದದ್ದನ್ನು ಡ್ರಾಯರಿನಲ್ಲಿ ಇಟ್ಟುಕೊಂಡರೆ ಇನ್ನೊಂದು ಊರಿನ ಇನ್ನೊಬ್ಬ ಅದನ್ನೇ ತಿಳಿಯಲು ಇನ್ನಷ್ಟು ಇಲಿಗಳನ್ನು ತರಿಸುತ್ತಾನೆ. ಆದ್ದರಿಂದ ಪ್ರಕಟಿಸದ ಸೋಲು ಆಗಿಹೋದ ಮಂಗಳವಾರವನ್ನು ಬದಲಿಸದಿದ್ದರೂ ಬರಲಿರುವ ಮಂಗಳವಾರಗಳನ್ನು ಹುಟ್ಟಿಸುತ್ತದೆ. ಸುಳ್ಳು ಗೆಲುವು ಹುಟ್ಟಿಸುವುದು ಇನ್ನೂ ಹೆಚ್ಚು. ಆಲ್ಝೈಮರ್ ಕಾಯಿಲೆಯ ನೆನಪಿನ ನಾಶಕ್ಕೆ ಒಂದು ನಿರ್ದಿಷ್ಟ ಪ್ರೋಟೀನಿನ ಕಡೆ ಬೆರಳು ತೋರಿಸಿ ಮಿನ್ನೆಸೋಟದಿಂದ 2006ರಲ್ಲಿ 'ನೇಚರ್'ಗೆ ಬಂದ ಪ್ರಬಂಧ ಎರಡು ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿತು. ಚಿತ್ರಗಳನ್ನು ತಿರುಚಿದ ಕುರುಹುಗಳಿವೆ ಎಂಬ ಕಾರಣಕ್ಕೆ 2024ರಲ್ಲಿ ವಾಪಸಾಯಿತು. ನಡುವಿನ ಹದಿನೆಂಟು ವರ್ಷ ಅದನ್ನು ನಂಬಿದ ಲ್ಯಾಬುಗಳಲ್ಲಿ ಎಷ್ಟು ಇಲಿಗಳು ಹೋದವು ಎಂಬ ಸಾಲು ವಾಪಸಾತಿ ಟಿಪ್ಪಣಿಯ ನಮೂನೆಯಲ್ಲಿ ಇರುವುದೇ ಇಲ್ಲ.

ಹಾಗಾದರೆ ಕ್ರೂರವಾಗಿ ನಡೆಸಿದ, ಆದರೆ ಪ್ರಾಮಾಣಿಕವಾಗಿ ಬರೆದ ಪ್ರಯೋಗವನ್ನು ಅಚ್ಚು ಹಾಕಬೇಕೇ? ಇಲ್ಲಿ ದಾರಿ ಕವಲಾಗುತ್ತದೆ. ಮನುಷ್ಯರ ಮೇಲಿನ ಅನೈತಿಕ ಪ್ರಯೋಗಗಳನ್ನು 1966ರಲ್ಲಿ ಬಯಲಿಗೆಳೆದ ಹಾರ್ವರ್ಡಿನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಕೂಡದೆಂದ: ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ನ್ಯಾಯಾಲಯ ತಳ್ಳಿಹಾಕುವಂತೆ ಪತ್ರಿಕೆಯೂ ತಳ್ಳಿಹಾಕಬೇಕು. ಬೆದರಿಕೆಯಾಗಿ ಇದು ಒಳ್ಳೆಯದೇ. ಆದರೆ ಹೋಲಿಕೆ ಕೊನೆಯವರೆಗೆ ಬರುವುದಿಲ್ಲ. ಸಾಕ್ಷ್ಯ ಬಿದ್ದುಹೋದರೆ ಕೋರ್ಟಿನಲ್ಲಿ ಆ ಕೇಸು ಮುಗಿಯುತ್ತದೆ. ಲ್ಯಾಬಿನಲ್ಲಿ ಪ್ರಶ್ನೆ ಬದುಕಿರುತ್ತದೆ, ಇನ್ನೊಬ್ಬ ಮತ್ತೆ ಪಂಜರಕ್ಕೆ ಕೈ ಹಾಕುತ್ತಾನೆ. ಒಪ್ಪಿಗೆ ಕೊಡಬಲ್ಲ ಮನುಷ್ಯನ ಘನತೆಗೆ ಬೀಚರನ ಮಾತು ಬೇಕು. ಇಲಿಯ ಮಟ್ಟಿಗೆ ಬೇರೆ ದಾರಿ ಹೆಚ್ಚು ಸರಿ ಅನ್ನಿಸುತ್ತದೆ: ಅಚ್ಚು ಹಾಕಿ, ಆದರೆ ಮಿತಿ ಮೀರಿದ್ದನ್ನು ಶೀರ್ಷಿಕೆಯ ಕೆಳಗೇ ದಪ್ಪ ಅಕ್ಷರದಲ್ಲಿ ಹಾಕಿ, ಬಡ್ತಿಗೂ ಅನುದಾನಕ್ಕೂ ಆ ಪ್ರಬಂಧ ಲೆಕ್ಕಕ್ಕಿಲ್ಲ ಎನ್ನಿ. ಜ್ಞಾನ ಉಳಿಯಲಿ, ಲಾಭ ಹೋಗಲಿ.

ತತ್ತ್ವಶಾಸ್ತ್ರಜ್ಞ ಟಾಮ್ ರೀಗನ್ ಇದನ್ನು ಕೇಳಿದ್ದರೆ ಒಪ್ಪದೆ ತಲೆಯಾಡಿಸುತ್ತಿದ್ದ. ಪ್ರಾಣಿಗೂ ಅದರದೇ ಬಾಳಿದೆ, ಅದನ್ನು ಸಾಧನ ಮಾಡುವುದೇ ತಪ್ಪು ಎಂದು 1983ರಲ್ಲಿ ವಾದಿಸಿದವನಿಗೆ ಚೊಕ್ಕ ಲೆಕ್ಕ ಬರೆದ ಕಟುಕನೂ ಕಟುಕನೇ. ಒಳ್ಳೆಯ ಪುಟ ಬಲಿಯನ್ನು ನ್ಯಾಯವಾಗಿಸುತ್ತದೆ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕೆಟ್ಟ ಪುಟ ಇದ್ದೊಂದು ನೆಪವನ್ನೂ ಕಿತ್ತುಕೊಳ್ಳುತ್ತದೆ ಎಂಬಷ್ಟೇ ಮಾತು. ಹಾಗಿದ್ದರೆ ಬದಲಿ ಹುಡುಕಿ ಪಾರಾಗಬಹುದಲ್ಲ? ಜನ್ನನ 'ಯಶೋಧರ ಚರಿತೆ'ಯಲ್ಲಿ ಅರಸನೂ ಹಾಗೇ ಅಂದುಕೊಂಡು ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿ ಕಡಿದ. ಕತ್ತಿ ತಾಗಿದಾಗ ಹಿಟ್ಟು ಕೂಗಿತು. ಪ್ರಾಣಿಯ ಬದಲು ಗಾಜಿನ ತಟ್ಟೆಯಲ್ಲಿ ಕೋಶ ಬೆಳೆಸುವುದು ಇವತ್ತಿನ ಹಿಟ್ಟಿನ ಕೋಳಿ, ಬಹಳ ಒಳ್ಳೆಯದೂ ಹೌದು. ಆದರೆ ಆ ತಟ್ಟೆಗೆ ಹಾಕುವ ಪೋಷಕ ದ್ರವದ ವಿವರದಲ್ಲಿ 'ಹತ್ತು ಪರ್ಸೆಂಟ್ ಎಫ್‌ಬಿಎಸ್' ಎಂದಿರುತ್ತದೆ. ಎಫ್‌ಬಿಎಸ್ ಅಂದರೆ ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತೆಗೆದ ಸೀರಮ್. ಮೂರಕ್ಷರದ ಒಳಗೆ ಕೂಗು ಕೇಳಿಸುವುದಿಲ್ಲ. ಸೀರಮ್ ಇಲ್ಲದ ದ್ರವಗಳೂ ಈಗ ಸಿಗುತ್ತವೆ; ಹುಡುಕುವವರಿಗೆ ಮೊದಲು ಆ ಮೂರಕ್ಷರವನ್ನು ಬಿಡಿಸಿ ಓದಿದ ನೆನಪಿರಬೇಕು.

ಮನುಷ್ಯರ ಮೇಲಿನ ಔಷಧ ಪರೀಕ್ಷೆಗೆ ಈ ಲೆಕ್ಕದ ಪಾಠ ಆಗಲೇ ಆಗಿದೆ. ಶುರು ಮಾಡುವ ಮುನ್ನ ನೋಂದಾಯಿಸದ ಪರೀಕ್ಷೆಯನ್ನು ಅಚ್ಚು ಹಾಕುವುದಿಲ್ಲ ಎಂದು ದೊಡ್ಡ ವೈದ್ಯಕೀಯ ಪತ್ರಿಕೆಗಳು 2005ರಿಂದ ಪಟ್ಟು ಹಿಡಿದವು; ಭಾರತದಲ್ಲಿ 2009ರಿಂದ ನೋಂದಣಿ ಕಡ್ಡಾಯ. ನೋಂದಣಿ ಇದ್ದರೆ ಸೋತದ್ದನ್ನು ಮುಚ್ಚಿಡುವುದು ಕಷ್ಟ, ಏಕೆಂದರೆ ಶುರುವಾದದ್ದು ಎಲ್ಲರಿಗೂ ಗೊತ್ತು. ಪ್ರಾಣಿಗಳಿಗೂ ಇಂಥದ್ದೊಂದು ಪಟ್ಟಿಯನ್ನು ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು 2019ರಲ್ಲಿ ತೆರೆಯಿತು. ಬೇಕಿದ್ದವರು ಬರೆಸಬಹುದು, ಕಡ್ಡಾಯವಿಲ್ಲ. ಪೈಪೋಟಿಯವರು ಕದ್ದಾರು ಎಂಬ ಭಯವಿದ್ದರೆ ನಮೂದನ್ನು ಐದು ವರ್ಷದವರೆಗೆ ಗುಟ್ಟಾಗಿ ಇಡಿಸಿಕೊಳ್ಳಲೂ ಅವಕಾಶವಿದೆ. ಲ್ಯಾಬಿನ ಚಿಕ್ಕಿಲಿ, ಯಾರೂ ಮುಟ್ಟದೆ ಬಿಟ್ಟರೆ, ಬದುಕುವುದು ಎರಡರಿಂದ ಮೂರು ವರ್ಷ.